ಮಗು ‘ಹೋಗುವುದಿಲ್ಲ’ ಎಂದಾಗ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಸ್ವಸಹಾಯ ಗುಂಪುಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮಗೆಲ್ಲ ಗೊತ್ತು. ಈ ಗಾದೆಯನ್ನು ನಮ್ಮ ಊರುಗಳಲ್ಲಿ ಹೆಚ್ಚಾಗಿ ಬಳಸುವುದು ಹೆಂಗಸಿನ ಬಾಯಿ ಮುಚ್ಚಿಸಲಿಕ್ಕೆ. ‘ಮಗುವಿನ ಮುಖ ನೋಡಿಯಾದರೂ ಸುಮ್ಮನಿರು, ಎರಡು ಪೆಟ್ಟು ಹೊಡೆದರೆ ಏನಾಯಿತು, ಮಗುವಿಗೆ ಅಪ್ಪ ಬೇಡವೇ?’ ಎಂದು ಹಿರಿಯರು ಹೇಳುತ್ತಾರೆ. ಆದರೆ ಇಷ್ಟೆಲ್ಲ ಹೇಳುವವರು ಆ ಕೂಸನ್ನು ಮಾತ್ರ ಒಂದು ಮಾತೂ ಕೇಳುವುದಿಲ್ಲ. ಇವತ್ತು ನಾವು ಅದೇ ಕೂಸಿನ ವಿಷಯ ಮಾತನಾಡೋಣ.

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಇದು ಇಂಥವರದೇ ಎಂಬ ಕಥೆಯಲ್ಲ, ಯಾರ ಮನೆಯದೂ ಆಗಬಹುದು. ವರದಕ್ಷಿಣೆಯ ಹಿಂಸೆ ತಾಳಲಾರದೆ ತವರಿಗೆ ಬಂದ ಒಬ್ಬ ತಾಯಿ, ಬೀಡಿ ಕಟ್ಟಿ, ಅಡಿಕೆ ಸುಲಿದು ಒಂಬತ್ತು ವರ್ಷದ ಮಗಳನ್ನು ಸಾಕುತ್ತಿದ್ದಾಳೆ. ಮಗಳು ತಾಯಿಯ ಬಳಿ ಇರಲಿ, ತಿಂಗಳಲ್ಲಿ ಎರಡು ಶನಿವಾರ ತಂದೆಯೊಂದಿಗೆ ಹೋಗಿ ಭಾನುವಾರ ಸಂಜೆ ವಾಪಸು ಬರಲಿ ಎಂದು ಕೋರ್ಟು ಆದೇಶ ಮಾಡಿದೆ. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಮಗುವನ್ನು ಒಪ್ಪಿಸಬೇಕು. ಆ ಶನಿವಾರ ಬಂದಿದೆ. ಮಗು ಜಗಲಿಯ ಕಂಬ ಅಪ್ಪಿಕೊಂಡು ಕುಳಿತಿದೆ. ‘ನಾನು ಹೋಗುವುದಿಲ್ಲ’ ಎನ್ನುತ್ತದೆ. ಯಾಕೆ ಎಂದರೆ ಉತ್ತರವಿಲ್ಲ. ‘ಕಳಿಸಬೇಡ’ ಎಂದು ಅಜ್ಜಿ ಹೇಳುತ್ತಾಳೆ. ‘ಎಳೆದುಕೊಂಡಾದರೂ ಹೋಗು, ನಾಳೆ ಪೊಲೀಸರು ಬಂದರೆ ಯಾರು ಉತ್ತರ ಕೊಡುವುದು?’ ಎಂದು ಅಣ್ಣ ಕೇಳುತ್ತಾನೆ. ಬಸ್ಸಿಗೆ ಇನ್ನು ಹತ್ತು ನಿಮಿಷ ಇದೆ. ಆ ತಾಯಿ ಏನು ಮಾಡಬೇಕು?

ನಾವು ವರದಕ್ಷಿಣೆಯ ಬಗ್ಗೆ, ಹೊಡೆತದ ಬಗ್ಗೆ, ಜೀವನಾಂಶದ ಬಗ್ಗೆ ಎಷ್ಟೋ ಸಭೆ ಮಾಡಿದ್ದೇವೆ. ಈ ಹತ್ತು ನಿಮಿಷದ ಬಗ್ಗೆ ಹೆಚ್ಚು ಮಾತನಾಡಿಲ್ಲ. ಮನೆ ಬಿಟ್ಟು ಹೊರಬಂದ ಎಷ್ಟೋ ಹೆಂಗಸರು ಮತ್ತೆ ಸೋಲುವುದು ಇಲ್ಲಿಯೇ. ‘498ಎ ಕೇಸು ವಾಪಸು ತೆಗೆದುಕೋ, ಮಗುವಿನ ತಂಟೆಗೆ ಬರುವುದಿಲ್ಲ’ ಎಂದು ಒಂದು ಕಡೆಯಿಂದ ಒತ್ತಡ ಬರುತ್ತದೆ. ‘ಮಗುವನ್ನು ಕಳಿಸದಿದ್ದರೆ ಜೈಲಿಗೆ ಹಾಕಿಸುತ್ತೇನೆ’ ಎಂದು ಇನ್ನೊಂದು ಕಡೆಯಿಂದ ಬೆದರಿಕೆ ಬರುತ್ತದೆ. ಆದುದರಿಂದ ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಾವು ಸರಿಯಾಗಿ ತಿಳಿದಿರಬೇಕು.

ಮಗು ಯಾರದು?

ನಮ್ಮ ತುಳುನಾಡಿನಲ್ಲಿ ಅಳಿಯಸಂತಾನ ಪದ್ಧತಿಯ ಕುಟುಂಬಗಳು ಬಹಳ ಇದ್ದವು. ಅಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಗಂಡನ ಮನೆಯಲ್ಲಿ ಬಾಳಲಾಗದ ಹೆಣ್ಣು ಮಕ್ಕಳೊಂದಿಗೆ ತವರಿಗೆ ಬಂದರೆ ‘ಮಗು ಯಾರಿಗೆ?’ ಎಂಬ ಪ್ರಶ್ನೆ ಇಷ್ಟು ಕಠಿಣವಾಗಿ ಏಳುತ್ತಿರಲಿಲ್ಲ. ಅಲ್ಲಿಯೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು. ಆದರೂ ಮಗುವಿಗೆ ತಾಯಿಮನೆಯಲ್ಲಿ ಒಂದು ಜಾಗ ಇತ್ತು.

1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವದ ಕಾಯ್ದೆ ತಂದೆಯನ್ನು ಸಹಜ ಪೋಷಕ ಎಂದು ಕರೆಯಿತು; ‘ಅವನ ನಂತರ ತಾಯಿ’ ಎಂದಿತು. ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದೂ ಸೇರಿಸಿತು. ಆ ‘ನಂತರ’ ಎಂಬ ಮಾತಿನ ಮೇಲೆ ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿಗೆ ಹೋದರು. ‘ನಂತರ’ ಎಂದರೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲ, ತಂದೆ ಮಗುವಿನ ಜವಾಬ್ದಾರಿ ಹೊರದೆ ಇರುವಾಗಲೂ ತಾಯಿ ಪೋಷಕಳೇ ಎಂದು 1999ರಲ್ಲಿ ತೀರ್ಪು ಬಂತು. ಅದೇ 1956ರ ಕಾಯ್ದೆಯ 13ನೇ ಕಲಮು ಎಲ್ಲಕ್ಕಿಂತ ಮೇಲಿನದು ಮಗುವಿನ ಹಿತ ಎನ್ನುತ್ತದೆ. ನಮ್ಮ ಮುಸ್ಲಿಂ ಮತ್ತು ಕ್ರೈಸ್ತ ಸೋದರಿಯರಿಗೆ ಬೇರೆ ವೈಯಕ್ತಿಕ ಕಾನೂನುಗಳಿವೆ; ಆದರೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ, ಅಂದರೆ ವಕೀಲರು ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಎನ್ನುವ ಕಾಯ್ದೆ, ಎಲ್ಲ ಧರ್ಮದವರಿಗೂ ತೆರೆದಿದೆ. ಅಲ್ಲಿಯೂ ಕೋರ್ಟು ನೋಡುವುದು ಮಗುವಿನ ಹಿತವನ್ನೇ.

ಆದುದರಿಂದ ‘ಮಗು ಯಾರದು?’ ಎಂಬ ಪ್ರಶ್ನೆಯೇ ತಪ್ಪು. ಮಗು ತೋಟವಲ್ಲ, ಬಂಗಾರವಲ್ಲ, ಪಾಲು ಮಾಡಿಕೊಳ್ಳುವ ಪಾತ್ರೆಯಲ್ಲ. ‘ಮಗುವಿಗೆ ಯಾವುದು ಒಳ್ಳೆಯದು?’ ಎಂಬುದೇ ಸರಿಯಾದ ಪ್ರಶ್ನೆ.

ಕಾಗದದ ಮೇಲಿನ ಮಗು

ಸುಪರ್ದಿಯ ಆದೇಶಗಳು ಹಲವು ತರ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಂದು ಮೊಕದ್ದಮೆಯಲ್ಲಿ ಬಾಲಕನ ವರ್ಷವನ್ನೇ ಎರಡು ಭಾಗ ಮಾಡಿತು. ಜನವರಿ 1ರಿಂದ ಜೂನ್ 30ರ ತನಕ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರ ತನಕ ತಾಯಿಯ ಬಳಿ. ಒಬ್ಬರ ಬಳಿ ಇರುವಾಗ ಶನಿವಾರ, ಭಾನುವಾರ ಇನ್ನೊಬ್ಬರು ಬಂದು ನೋಡಬಹುದು. ಫೋನಿನಲ್ಲಿ, ವಿಡಿಯೋದಲ್ಲಿ ಮಾತನಾಡಲು ಬಿಡಬೇಕು. ಖರ್ಚು ಇಬ್ಬರದೂ ಸಮಸಮ. ಮಗುವಿಗೆ ತಂದೆ ತಾಯಿ ಇಬ್ಬರೂ ಬೇಕು ಎಂಬ ಒಳ್ಳೆಯ ಆಲೋಚನೆ ಇದರ ಹಿಂದೆ ಇದೆ. ಒಂದೇ ಊರಿನಲ್ಲಿ ಇಬ್ಬರೂ ಇದ್ದು, ಇಬ್ಬರೂ ಮರ್ಯಾದೆಯಿಂದ ನಡೆದುಕೊಂಡರೆ ಇಂಥದ್ದು ನಡೆಯಲೂಬಹುದು.

ಆದರೆ ತಾಯಿ ಕಡಬದ ಹಳ್ಳಿಯಲ್ಲಿ, ತಂದೆ ಬೆಂಗಳೂರಿನಲ್ಲಿ ಇದ್ದರೆ? ಕಬಕ ಪುತ್ತೂರು ಸ್ಟೇಷನ್ನಿನಲ್ಲಿ ರಾತ್ರಿ ರೈಲು ಹತ್ತುವಾಗ ಮಗು ಅತ್ತರೆ? ಹತ್ತನೇ ತರಗತಿಯ ಪರೀಕ್ಷೆ ಇದ್ದರೆ? ಹುಡುಗಿ ದೊಡ್ಡವಳಾಗಿ, ಹೆಂಗಸರಿಲ್ಲದ ಮನೆಗೆ ಹೋಗಲು ಮುಜುಗರ ಪಟ್ಟರೆ? ಆದೇಶ ಬರೆದ ದಿನ ಆರು ವರ್ಷವಿದ್ದ ಮಗು ಹನ್ನೆರಡಾಗುತ್ತದೆ, ಹದಿನೈದಾಗುತ್ತದೆ. ಕಾಗದ ಮಾತ್ರ ಹಾಗೆಯೇ ಇರುತ್ತದೆ. ರಾಜಿಪತ್ರಕ್ಕೆ ತಾಯಿಯ ಸಹಿ ಇದೆ, ತಂದೆಯ ಸಹಿ ಇದೆ. ಮಗುವಿನ ಸಹಿ ಇಲ್ಲ.

ಕಾನೂನಿನಲ್ಲಿ ಏನಿದೆ?

1890ರ ಕಾಯ್ದೆಯ 25ನೇ ಕಲಮನ್ನು ಓದಿದರೆ ಎದೆ ಒಮ್ಮೆ ಝಲ್ಲೆನ್ನುತ್ತದೆ. ಮಗು ಪೋಷಕರ ಸುಪರ್ದಿಯನ್ನು ಬಿಟ್ಟು ಹೋದರೆ, ವಾಪಸು ಹೋಗುವುದು ಮಗುವಿನ ಹಿತಕ್ಕೆ ಒಳ್ಳೆಯದು ಎಂದು ಕೋರ್ಟಿಗೆ ಕಂಡರೆ, ವಾಪಸಿಗೆ ಆದೇಶ ಮಾಡಬಹುದು. ಅದನ್ನು ಜಾರಿ ಮಾಡಲು ಮಗುವನ್ನು ‘ದಸ್ತಗಿರಿ’ ಮಾಡಿಸಿ ಒಪ್ಪಿಸಬಹುದು ಎಂದೂ ಅಲ್ಲಿ ಬರೆದಿದೆ. ಬ್ರಿಟಿಷರ ಕಾಲದ ಮಾತು ಅದು. ಇಂದಿಗೂ ಪುಸ್ತಕದಲ್ಲಿ ಉಳಿದಿದೆ. ಆದರೆ ‘ಮಗುವಿನ ಹಿತಕ್ಕೆ ಒಳ್ಳೆಯದಾದರೆ’ ಎಂಬ ಷರತ್ತು ಅದೇ ವಾಕ್ಯದಲ್ಲಿದೆ. ಮಗು ಓಡಿಬಂದದ್ದು ಒಂದು ಅಪರಾಧ, ಅದಕ್ಕೆ ಶಿಕ್ಷೆ ಎಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. ಇದನ್ನು ಮಕ್ಕಳಿಗೂ ಹೇಳಬೇಕು. ‘ನೀನು ಹೋಗದಿದ್ದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ’ ಎಂದು ಯಾವ ಮಗುವನ್ನೂ ಹೆದರಿಸಬೇಡಿ.

ಶಿಕ್ಷೆಯ ಮಾತು ಇರುವುದು ದೊಡ್ಡವರಿಗೆ. ಅದೇ ಕಾಯ್ದೆಯ 45ನೇ ಕಲಮಿನಲ್ಲಿ, ಇಂಥ ಆದೇಶ ಬಂದ ಮೇಲೆ ಮಗುವನ್ನು ವಾಪಸು ಕಳಿಸಲು ತನ್ನಿಂದ ಆದಷ್ಟೂ ಪ್ರಯತ್ನ ಮಾಡದವರಿಗೆ 100 ರೂಪಾಯಿ ದಂಡ, ಹಠ ಹಿಡಿದರೆ ದಿನಕ್ಕೆ 10 ರೂಪಾಯಿಯಂತೆ ಒಟ್ಟು 500 ರೂಪಾಯಿ ತನಕ ದಂಡ, ಕೊನೆಗೆ ಸಿವಿಲ್ ಜೈಲು ಎಂದಿದೆ. ದಂಡದ ಮೊತ್ತ ಇಂದು ನಗೆ ತರಿಸಬಹುದು, ಜೈಲು ನಗೆಯಲ್ಲ. ಇದಲ್ಲದೆ 1971ರ ನ್ಯಾಯಾಂಗ ನಿಂದನೆ ಕಾಯ್ದೆ ಇದೆ. ಅದರಲ್ಲಿ ಆರು ತಿಂಗಳ ತನಕ ಸಾದಾ ಸಜೆ, 2,000 ರೂಪಾಯಿ ತನಕ ದಂಡ ವಿಧಿಸಬಹುದು. ಆದರೆ ಅಲ್ಲಿ ‘ಬೇಕೆಂದೇ’ ಆದೇಶ ಮೀರಿರಬೇಕು.

ಈ ಎರಡು ಮಾತುಗಳನ್ನು ನೆನಪಿಡಿ: ‘ತನ್ನಿಂದ ಆದಷ್ಟೂ ಪ್ರಯತ್ನ’ ಮತ್ತು ‘ಬೇಕೆಂದೇ’. ಮಗು ಹೋಗಲಿಲ್ಲ ಎಂಬುದಷ್ಟೇ ತಾಯಿಯ ತಪ್ಪಾಗುವುದಿಲ್ಲ. ತಾಯಿ ಪ್ರಯತ್ನ ಮಾಡಿದಳೇ, ಅಥವಾ ಮಗುವನ್ನು ಮುಂದಿಟ್ಟುಕೊಂಡು ತಾನೇ ತಡೆದಳೇ ಎಂಬುದನ್ನು ಕೋರ್ಟು ನೋಡುತ್ತದೆ. ಮುಂದೆ ನಾನು ಹೇಳುವ ಕೆಲಸಗಳೆಲ್ಲ ಈ ಎರಡು ಮಾತಿನ ಮೇಲೆ ನಿಂತಿವೆ.

ಇನ್ನು ಮಗುವಿನ ಮಾತಿಗೆ ಬೆಲೆ ಇದೆಯೇ? ಇದೆ. ತಿಳಿದು ಆಯ್ಕೆ ಮಾಡುವಷ್ಟು ಮಗು ದೊಡ್ಡದಾಗಿದ್ದರೆ ಕೋರ್ಟು ಅದರ ಇಷ್ಟವನ್ನು ಪರಿಗಣಿಸಬಹುದು ಎಂದು 1890ರ ಕಾಯ್ದೆಯ 17ನೇ ಕಲಮೇ ಹೇಳುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮು ಸಾಧ್ಯವಿದ್ದ ಕಡೆಯೆಲ್ಲ ಮಕ್ಕಳ ಇಚ್ಛೆಗೆ ಹೊಂದುವಂತೆ ಆದೇಶ ಇರಲಿ ಎನ್ನುತ್ತದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತನ್ನು ಕೇಳಬೇಕು ಎಂದು ಹೇಳುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ನಮ್ಮ ದೇಶ 1992ರಲ್ಲಿ ಒಪ್ಪಿಕೊಂಡಿದೆ. ಎಷ್ಟು ವರ್ಷಕ್ಕೆ ಮಗುವಿನ ಮಾತು ಕೇಳಬೇಕು ಎಂದು ಕಾನೂನು ಗೆರೆ ಎಳೆದಿಲ್ಲ. ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಮಗುವನ್ನು ಒಂಟಿಯಾಗಿ ಕರೆಸಿ ಮಾತನಾಡಿಸಬಹುದು. ಮಗುವಿನ ಮಾತು ಕೇಳಬೇಕಾದ ಮಾತು, ಆದರೆ ಅದೇ ಕೊನೆಯ ಮಾತಲ್ಲ.

ನಾಲ್ಕು ಮಕ್ಕಳು

ಸುಪ್ರೀಂ ಕೋರ್ಟಿನ ಮುಂದೆ ಬಂದ ನಾಲ್ಕು ಮಕ್ಕಳ ವಿಷಯ ಹೇಳುತ್ತೇನೆ. ಹೆಸರು ನಮಗೆ ಬೇಡ.

ಮೊದಲನೆಯದು ಕಲ್ಕತ್ತೆಯ ಹುಡುಗ. ತಾಯಿ 2004ರಲ್ಲಿ ತೀರಿಕೊಂಡಳು. ವರದಕ್ಷಿಣೆ ಹಿಂಸೆಯಿಂದ ಸಾವು ಎಂದು ತಂದೆಯ ಮೇಲೆ ಮೊಕದ್ದಮೆ ಹೂಡಲಾಯಿತು. ಹುಡುಗ ತಾಯಿಯ ತಂದೆತಾಯಿಯ ಬಳಿ ಬೆಳೆದ. ಜಾಮೀನಿನ ಮೇಲೆ ಹೊರಬಂದ ತಂದೆ ಮಗನನ್ನು ಕೇಳಿದ. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ತಂದೆಗೇ ಕೊಡಿ ಎಂದವು. 2008ರಲ್ಲಿ ಸುಪ್ರೀಂ ಕೋರ್ಟು ಹುಡುಗನನ್ನು ಕರೆಸಿ ಕೇಳಿದಾಗ ತಂದೆಯೊಂದಿಗೆ ಹೋಗಲು ಇಷ್ಟವಿಲ್ಲ ಎಂದ. ಹೆಂಡತಿಯ ಸಾವಿನ ಆರೋಪ ಹೊತ್ತ ಮನುಷ್ಯನಿಗೆ ಮಗುವನ್ನು ಕೊಡುವಾಗ ಆ ಮೊಕದ್ದಮೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇದ್ದದ್ದು ತಪ್ಪು ಎಂದು ಹೇಳಿ, ಸುಪ್ರೀಂ ಕೋರ್ಟು ಹುಡುಗನನ್ನು ಅಜ್ಜ ಅಜ್ಜಿಯ ಬಳಿಯೇ ಉಳಿಸಿತು.

ಎರಡನೆಯದು ಕೇರಳದ ಹುಡುಗಿ. 2006ರಲ್ಲಿ ತೀರ್ಪು ಬರುವಾಗ ಹನ್ನೆರಡರ ಆಸುಪಾಸು. ನ್ಯಾಯಮೂರ್ತಿಗಳು ಮಾತನಾಡಿಸಿದಾಗ ತಂದೆಯ ಬಳಿಯೇ ಇರುತ್ತೇನೆ ಎಂದಳು. ಹಾಗೆಯೇ ಆಯಿತು, ತಾಯಿಗೆ ಭೇಟಿಯ ಹಕ್ಕು ಉಳಿಯಿತು. ಮಗುವಿನ ಮಾತನ್ನು ಕೇಳಬೇಕು ಎಂದು ನಾವು ಹೇಳುವಾಗ, ಅದು ಯಾವಾಗಲೂ ತಾಯಿಯ ಪರವಾಗಿಯೇ ಬರುತ್ತದೆ ಎಂದು ತಿಳಿಯಬಾರದು.

ಮೂರನೆಯದು ದೆಹಲಿಯಿಂದ ಬಂದ ಮೊಕದ್ದಮೆ. ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ದೂರವಾಗಿ ತಂದೆಯ ಬಳಿ ಬೆಳೆದ ಹುಡುಗಿ. ಅವಳ ಒಲವು ತಂದೆಯ ಕಡೆಗೇ ಇತ್ತು. 2017ರಲ್ಲಿ ಸುಪ್ರೀಂ ಕೋರ್ಟು, ತಾಯಿಯೊಂದಿಗೆ ಬದುಕುವ ಅವಕಾಶವೇ ಸಿಗದ ಮಗು ಹೇಗೆ ತಾನೇ ಆರಿಸುತ್ತದೆ ಎಂದು ಯೋಚಿಸಿ, ಮಗುವನ್ನು ತಾಯಿಯ ಬಳಿಗೆ ಕಳಿಸಿತು. ಒಬ್ಬರ ಮೇಲೆ ಇನ್ನೊಬ್ಬರು ಮಗುವಿನ ಮನಸ್ಸು ಕೆಡಿಸುವ ಅಪಾಯವನ್ನೂ ಆ ತೀರ್ಪು ಹೇಳಿತು.

ನಾಲ್ಕನೆಯವನು ಮತ್ತೆ ಕೇರಳದವನು, 2012ರಲ್ಲಿ ಹುಟ್ಟಿದ ಹುಡುಗ. ತಂದೆ ತಾಯಿ 2015ರಲ್ಲಿ ಬೇರೆಯಾದರು, ಅವನು ತಾಯಿಯೊಂದಿಗೆ ಬೆಳೆದ. ಮರುಮದುವೆಯಾದ ತಾಯಿ ಆ ಸಂಸಾರದೊಂದಿಗೆ ಮಲೇಷ್ಯಾಕ್ಕೆ ಹೋಗುವ ಮಾತು ಬಂದಾಗ ತಂದೆ ಸುಪರ್ದಿ ಕೇಳಿದ. ಹೈಕೋರ್ಟು ತಂದೆಗೆ ಕೊಟ್ಟಿತು, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ದೇಶದ ಅತಿ ದೊಡ್ಡ ಕೋರ್ಟಿನ ಆದೇಶ ಅದು. ಆದರೆ ತಾಯಿ, ತಮ್ಮ, ಮನೆ ಎಲ್ಲ ಬಿಟ್ಟು ಹೋಗಬೇಕೆಂಬ ಭಯ ಹುಡುಗನನ್ನು ತೀವ್ರವಾಗಿ ಕಾಡಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತಜ್ಞರು ಪರೀಕ್ಷಿಸಿ, ಅಗಲಿಕೆಯ ಆತಂಕದ ಅಪಾಯ ಹೆಚ್ಚಿದೆ ಎಂದು ವರದಿ ಕೊಟ್ಟರು. ತಾಯಿ ಅಡಗಲಿಲ್ಲ, ಹುಡುಗನನ್ನು ಅಡಗಿಸಲಿಲ್ಲ. ಆ ವರದಿಗಳೊಂದಿಗೆ ಮರುಪರಿಶೀಲನೆ ಕೇಳಿ ಅದೇ ಕೋರ್ಟಿಗೆ ಹೋದಳು. 2025ರ ಜುಲೈಯಲ್ಲಿ ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರ ಪೀಠ ಹಿಂದಿನ ಆದೇಶವನ್ನು ಬದಲಿಸಿ ಹುಡುಗನನ್ನು ತಾಯಿಗೇ ಕೊಟ್ಟಿತು, ತಂದೆಗೆ ಭೇಟಿಯ ಹಕ್ಕು ಕೊಟ್ಟಿತು.

ಸುಪರ್ದಿಯ ಆದೇಶ ಕಲ್ಲಿನ ಶಾಸನವಲ್ಲ. ಮಗು ಬದಲಾದರೆ, ಪರಿಸ್ಥಿತಿ ಬದಲಾದರೆ ಆದೇಶವೂ ಬದಲಾಗಬಹುದು. ಆದರೆ ಅದನ್ನು ಬದಲಿಸಬೇಕಾದ್ದು ಕೋರ್ಟಿನಲ್ಲಿ, ಜಗಲಿಯಲ್ಲಿ ಅಲ್ಲ. ನಾನು ಇವತ್ತು ಹೇಳಲು ಬಂದದ್ದು ಈ ಒಂದೇ ಮಾತು.

ಮಗು ಯಾಕೆ ಒಲ್ಲೆ ಎನ್ನುತ್ತದೆ?

ಜಗಲಿಯ ಕಂಬ ಹಿಡಿದ ಮಗುವಿನ ಹತ್ತಿರ ಮತ್ತೆ ಬರೋಣ. ಒಲ್ಲೆ ಎನ್ನಲು ಹಲವು ಕಾರಣ ಇರಬಹುದು.

ಭಯ ಒಂದು ಕಾರಣ. ಅಮ್ಮನಿಗೆ ಹೊಡೆದ ಕೈಯನ್ನು ಮಗು ಕಂಡಿದೆ. ಅಲ್ಲಿ ಕುಡಿತ ಇರಬಹುದು, ಬೈಗಳು ಇರಬಹುದು, ಬಾಯಿ ಬಿಟ್ಟು ಹೇಳಲಾಗದ ಇನ್ನೇನೋ ಇರಬಹುದು. ದೇಹಕ್ಕೆ ಸಂಬಂಧಿಸಿದ ಕೆಟ್ಟ ನಡತೆಯ ಸುಳಿವು ಸಿಕ್ಕರೆ ಅದು ಭೇಟಿಯ ಹಕ್ಕಿನ ಪ್ರಶ್ನೆಯೇ ಅಲ್ಲ. ಅದು 2012ರ ಪೋಕ್ಸೋ ಕಾಯ್ದೆಯ ಅಪರಾಧ. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂದು ಕಾನೂನು ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. ಇಂಥ ಕಡೆ ‘ಕೋರ್ಟಿನ ಆದೇಶ ಇದೆ, ಕಳಿಸಿಬಿಡು’ ಎಂದು ಯಾರೂ ಹೇಳಬಾರದು. ಅದೇ ದಿನ ದೂರು ಕೊಡಿ, ಭೇಟಿ ನಿಲ್ಲಿಸಲು ಅದೇ ವಾರ ಕೋರ್ಟಿಗೆ ಅರ್ಜಿ ಹಾಕಿ.

ಎಷ್ಟೋ ಸಲ ಕಾರಣ ಬಹಳ ಸಣ್ಣದು. ಶನಿವಾರ ಶಾಲೆಯಲ್ಲಿ ಕಬಡ್ಡಿ ಇದೆ. ಮಹಾಲಿಂಗೇಶ್ವರನ ಜಾತ್ರೆಗೆ ಗೆಳತಿಯರೆಲ್ಲ ಹೋಗುತ್ತಿದ್ದಾರೆ. ಅಲ್ಲಿಯ ಮನೆಯಲ್ಲಿ ಆಡಲು ಯಾರೂ ಇಲ್ಲ. ಬಸ್ಸಿನಲ್ಲಿ ವಾಂತಿ ಆಗುತ್ತದೆ. ಇದಕ್ಕೆ ಮಾತುಕತೆಯಲ್ಲೇ ಪರಿಹಾರ ಇದೆ. ದಿನ ಬದಲಿಸಬಹುದು, ಜಾಗ ಬದಲಿಸಬಹುದು.

ಇನ್ನೊಂದು ಕಾರಣ ನಿಷ್ಠೆ. ‘ನಾನು ಅಪ್ಪನೊಂದಿಗೆ ನಕ್ಕರೆ ಅಮ್ಮನಿಗೆ ದುಃಖವಾಗುತ್ತದೆ’ ಎಂದು ಮಗು ಯೋಚಿಸುತ್ತದೆ. ಯಾರೂ ಕಲಿಸದಿದ್ದರೂ ಮಕ್ಕಳು ನಮ್ಮ ಮುಖ ಓದುತ್ತವೆ. ಭಾನುವಾರ ಸಂಜೆ ವಾಪಸು ಬಂದಾಗ ನಾವು ಏನು ಕೇಳುತ್ತೇವೆ? ‘ಅಲ್ಲಿ ಯಾರಿದ್ದರು, ನನ್ನ ಬಗ್ಗೆ ಏನು ಹೇಳಿದರು?’ ಎಂದು ಕೇಳುತ್ತೇವೆ. ಎರಡು ವಾರಕ್ಕೊಮ್ಮೆ ಹೀಗೆ ವಿಚಾರಣೆಗೆ ನಿಲ್ಲುವ ಬದಲು ಹೋಗದೇ ಇರುವುದೇ ಒಳ್ಳೆಯದು ಎಂದು ಮಗು ತೀರ್ಮಾನಿಸುತ್ತದೆ.

ನಾಲ್ಕನೆಯ ಕಾರಣ ಹೇಳಿದರೆ ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳಬೇಕು. ಕೆಲವೊಮ್ಮೆ ಕಲಿಸಿದ್ದು ನಾವೇ. ‘ನಿನ್ನ ಅಪ್ಪ ರಾಕ್ಷಸ’ ಎಂದು ಪ್ರತಿದಿನ ಕೇಳಿದ ಮಗು ಹೋಗುವುದಿಲ್ಲ. ನಮ್ಮ ನೋವು ನಿಜವಾದದ್ದು, ಆ ಮಾತೂ ನಿಜವೇ ಇರಬಹುದು. ಆದರೆ ಆ ನೋವನ್ನು ಹೊರಲು ಮಗುವಿನ ಬೆನ್ನು ಸಣ್ಣದು. ಗಂಡನ ಮನೆಯವರು ಮಗುವನ್ನು ಆಯುಧ ಮಾಡಿಕೊಂಡರು ಎಂದು ನಾವು ಸಿಟ್ಟಾಗುತ್ತೇವೆ. ಅದೇ ಆಯುಧವನ್ನು ನಾವೂ ಹಿಡಿಯಬಾರದು.

ಏನು ಮಾಡಬೇಕು?

ಎಳೆದೊಯ್ಯಬೇಡಿ, ಅಡಗಿಸಬೇಡಿ. ಅಪಾಯದ ಸುಳಿವು ಇಲ್ಲದಿದ್ದರೆ ಮಗುವಿಗೆ ಧೈರ್ಯ ಹೇಳಿ, ಒಪ್ಪಿಸುವ ಜಾಗದ ತನಕ ಜೊತೆಗೆ ಹೋಗಿ. ಅಲ್ಲಿಯೂ ಮಗು ಒಲ್ಲೆ ಎಂದರೆ ತಂದೆಗೆ ನೇರ ತಿಳಿಯಲಿ. ಜೊತೆಗೆ ಗುಂಪಿನ ಒಬ್ಬ ಸದಸ್ಯೆ ಇರಲಿ. ಜಗಳಕ್ಕಲ್ಲ, ಕಂಡದ್ದನ್ನು ಹೇಳಲಿಕ್ಕೆ.

ಬರೆದಿಡಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಗೆ ಹೋದಿರಿ, ತಂದೆ ಬಂದನೇ, ಮಗು ಏನು ಹೇಳಿತು. ನಮ್ಮ ಗುಂಪಿನಲ್ಲಿ ವಾರವಾರ ಉಳಿತಾಯದ ಲೆಕ್ಕ ಬರೆದು ನಮಗೆ ಅಭ್ಯಾಸವಿದೆ. ಹತ್ತು ರೂಪಾಯಿ ತಪ್ಪಿದರೆ ಹುಡುಕುತ್ತೇವೆ. ಅದೇ ಶ್ರದ್ಧೆಯಿಂದ ಇದನ್ನೂ ಬರೆಯಿರಿ. ‘ತನ್ನಿಂದ ಆದಷ್ಟೂ ಪ್ರಯತ್ನ’ಕ್ಕೆ ಇದೇ ಸಾಕ್ಷಿ. ಬಸ್ ಟಿಕೇಟು ಇದ್ದರೆ ಅದನ್ನೂ ಇಟ್ಟುಕೊಳ್ಳಿ.

ಎದುರಿನವರು ನಿಂದನೆಯ ಅರ್ಜಿ ಹಾಕುವ ತನಕ ಕಾಯಬೇಡಿ. ಎರಡು ಸಲ ಮಗು ಒಲ್ಲೆ ಎಂದರೆ ಮೂರನೆಯ ಸಲದ ಮೊದಲು ನೀವೇ ಕೋರ್ಟಿಗೆ ಹೋಗಿ. ಆದೇಶ ಮಾಡಿದ ಕೋರ್ಟಿನಲ್ಲಿಯೇ ಬದಲಾವಣೆ ಕೇಳಬಹುದು. ಆಪ್ತಸಮಾಲೋಚಕರು ಮಗುವಿನೊಂದಿಗೆ ಮಾತನಾಡಲಿ, ರಾತ್ರಿ ಉಳಿಯುವ ಬದಲು ಹಗಲು ಭೇಟಿ ಇರಲಿ, ಬೇರೆಯವರ ಸಮ್ಮುಖದಲ್ಲಿ ಭೇಟಿ ಇರಲಿ, ಸದ್ಯಕ್ಕೆ ಫೋನಿನಲ್ಲಿ ಮಾತು ಸಾಕು ಎಂದೆಲ್ಲ ಕೇಳಬಹುದು.

ಹಿಂಸೆ ನಡೆದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. 2006ರ ಅಕ್ಟೋಬರಿನಿಂದ ಅದು ಜಾರಿಯಲ್ಲಿದೆ. ಅದರ 21ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ತಾಯಿಗೆ ಕೊಡಬಹುದು. ತಂದೆಯ ಭೇಟಿಯಿಂದ ಮಗುವಿಗೆ ಹಾನಿ ಎಂದು ಕಂಡರೆ ಭೇಟಿಯನ್ನೇ ನಿರಾಕರಿಸಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ. ಪರಿಸ್ಥಿತಿ ಬದಲಾದರೆ ಆದೇಶ ಬದಲಿಸಲು 25ನೇ ಕಲಮು ಇದೆ. ನೀವು ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಆ ಊರಿಗೆ ಸೇರಿದ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಟೀಚರನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. ಕೋರ್ಟಿನ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಹೆಂಗಸರ ಸಹಾಯವಾಣಿ 181.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ‘ಮಗುವನ್ನು ಕಳಿಸಲಿಲ್ಲ, ಅದಕ್ಕೆ ಜೀವನಾಂಶ ಕೊಡುವುದಿಲ್ಲ’ ಎಂದು ಅವನು ಹೇಳುತ್ತಾನೆ. ‘ಜೀವನಾಂಶ ಕೊಡಲಿಲ್ಲ, ಅದಕ್ಕೆ ಮಗುವನ್ನು ಕಳಿಸುವುದಿಲ್ಲ’ ಎಂದು ನಾವು ಹೇಳುತ್ತೇವೆ. ಎರಡೂ ಸರಿಯಲ್ಲ. ಅನ್ನ ಮಗುವಿನ ಹಕ್ಕು, ಭೇಟಿ ಇನ್ನೊಂದು ವಿಷಯ. ಬಾಕಿ ಜೀವನಾಂಶದ ವಸೂಲಿಗೆ ಬೇರೆಯೇ ಅರ್ಜಿ ಇದೆ, ಅದನ್ನು ಹಾಕಿ.

ಮಗು ಅಲ್ಲಿ ಉಳಿದು, ತಾಯಿ ಇಲ್ಲಿ ಇದ್ದರೆ

ಈ ಸಭೆಯಲ್ಲಿ ಬೇರೆ ತರದ ತಾಯಂದಿರೂ ಇರಬಹುದು. ಹೊಡೆದು ಹೊರಹಾಕಿದಾಗ ಮಗುವನ್ನು ಕಿತ್ತಿಟ್ಟುಕೊಂಡವರ ಬಾಗಿಲಲ್ಲಿ ನಿಂತವರು. ಕೊನೆಗೆ ಕೋರ್ಟಿನಿಂದ ಆದೇಶ ತಂದಾಗ ಮಗುವೇ ‘ನಾನು ಅಮ್ಮನ ಹತ್ತಿರ ಹೋಗುವುದಿಲ್ಲ’ ಎಂದರೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ.

ಅವರಿಗೆ ನಾನು ಹೇಳುವುದಿಷ್ಟು. ಆ ಮಾತಿನಿಂದ ಮಗು ನಿಮ್ಮನ್ನು ಬಿಟ್ಟಿತು ಎಂದು ತಿಳಿಯಬೇಡಿ. ಯಾವ ಮನೆಯಲ್ಲಿ ರಾತ್ರಿ ಮಲಗಬೇಕೋ ಆ ಮನೆಯವರಿಗೆ ಹಿತವಾದ ಮಾತನ್ನು ಮಗು ಆಡಿದೆ. ನೀವೂ ಒಂದು ಕಾಲಕ್ಕೆ ಅದೇ ಮನೆಯಲ್ಲಿ ಹಾಗೆಯೇ ಮಾತನಾಡಿದ್ದೀರಿ, ಅಲ್ಲವೇ? ಆದುದರಿಂದ ಭೇಟಿಯ ದಿನ ತಪ್ಪಿಸಬೇಡಿ. ಮಗು ಹೊರಗೆ ಬರಲಿ, ಬಾರದಿರಲಿ, ನೀವು ಹೋಗಿ ನಿಲ್ಲಿ. ಹುಟ್ಟುಹಬ್ಬಕ್ಕೆ ನಾಲ್ಕು ಸಾಲು ಬರೆಯಿರಿ. ತಂದೆ ತಾಯಿ ಇಬ್ಬರೊಂದಿಗೂ ಸಂಪರ್ಕ ಇರುವುದು ಮಗುವಿಗೆ ಬೇಕು, ದೂರವಿದ್ದರೆ ಫೋನು, ವಿಡಿಯೋ ಕರೆಯಾದರೂ ಇರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದನ್ನು ಕೇಳಿ ಪಡೆಯಿರಿ. ಮಗು ಒಂದು ದಿನ ಹದಿನೆಂಟು ದಾಟುತ್ತದೆ. ಆಗ ಸುಪರ್ದಿಯೂ ಇಲ್ಲ, ಆದೇಶವೂ ಇಲ್ಲ. ಅಮ್ಮ ಬಾಗಿಲಿಗೆ ಬರುತ್ತಿದ್ದಳು ಎಂಬುದು ಮಾತ್ರ ಆ ಮಗುವಿಗೆ ನೆನಪಿರುತ್ತದೆ.

ನಮ್ಮ ಗುಂಪುಗಳ ಕೆಲಸ

ಊರಿನ ಮಾತುಕತೆಗಳಲ್ಲಿ ಒಂದು ಕೆಟ್ಟ ಪದ್ಧತಿ ಇದೆ. ಎಲ್ಲರ ಮಧ್ಯೆ ಮಗುವನ್ನು ನಿಲ್ಲಿಸಿ ‘ನಿನಗೆ ಅಪ್ಪ ಬೇಕಾ, ಅಮ್ಮ ಬೇಕಾ?’ ಎಂದು ಕೇಳುವುದು. ನಮ್ಮ ಗುಂಪಿನ ಸಭೆಯಲ್ಲಿಯೂ ಪ್ರೀತಿಯಿಂದಲೇ ಯಾರಾದರೂ ಹೀಗೆ ಕೇಳಿಬಿಡಬಹುದು. ದಯವಿಟ್ಟು ಕೇಳಬೇಡಿ. ನ್ಯಾಯಾಧೀಶರೇ ಬಾಗಿಲು ಹಾಕಿ ಒಂಟಿಯಾಗಿ ಕೇಳುವ ಮಾತನ್ನು ನಾವು ಹದಿನೈದು ಜನರ ಮುಂದೆ ಕೇಳುವುದು ಹಿಂಸೆಯೇ.

ಬದಲಿಗೆ ನಮ್ಮಿಂದ ಆಗುವುದು ಬೇಕಾದಷ್ಟಿದೆ. ಕೋರ್ಟಿನ ದಿನ ಒಬ್ಬಳು ಜೊತೆಗೆ ಹೋಗಬಹುದು. ಬಸ್ಸಿನ ದುಡ್ಡಿಗೆ ಸಂಘದಿಂದ ಕೈಸಾಲ ಕೊಡಬಹುದು. ಕೂಲಿ ತಪ್ಪಿದ ದಿನ ಒಂದು ಹೊತ್ತಿನ ಅಕ್ಕಿ ಕೊಡಬಹುದು. ಕೋರ್ಟು ಒಪ್ಪಿದರೆ ನಾವು ಸಭೆ ಸೇರುವ ಕೋಣೆಯನ್ನೇ ಭೇಟಿಯ ಜಾಗ ಮಾಡಬಹುದು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಮಗುವನ್ನು ಕೈಯಿಂದ ಕೈಗೆ ದಾಟಿಸುವುದಕ್ಕಿಂತ ಅದು ಎಷ್ಟೋ ಮೇಲು. ಎಲ್ಲಕ್ಕಿಂತ ಮೊದಲು, ಆ ಮಗುವಿನ ಬಗ್ಗೆ ಅಂಗಡಿಯಲ್ಲಿ, ನೀರಿನ ಬಳಿ ಮಾತನಾಡುವುದನ್ನು ನಿಲ್ಲಿಸಬಹುದು.

ಬಸ್ಸಿಗೆ ಹತ್ತು ನಿಮಿಷ ಇತ್ತು ಎಂದು ನಾನು ಹೇಳಿದೆನಲ್ಲ. ಆ ತಾಯಿ ಒಂಟಿಯಾಗಿದ್ದರೆ ಆ ಹತ್ತು ನಿಮಿಷದಲ್ಲಿ ಅವಳು ಒಂದೋ ಎಳೆಯುತ್ತಾಳೆ, ಇಲ್ಲವೇ ಅಡಗುತ್ತಾಳೆ. ಪಕ್ಕದ ಮನೆಯಿಂದ ನಿಮ್ಮಲ್ಲಿ ಒಬ್ಬಳು ಬಂದು ಮಗುವಿನ ಹತ್ತಿರ ಜಗಲಿಯಲ್ಲಿ ಕುಳಿತು, ‘ಏನಾಯಿತು ಮಗಾ, ನಿಧಾನ ಹೇಳು, ನಾನೂ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ’ ಎಂದರೆ ಸಾಕು. ಆ ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಇದೆ. ಮಗುವಿನ ಬಾಯಿಂದ ಕಾರಣ ಬರುವ ತನಕ ಕಾಯಿರಿ.

ಪ್ರಶ್ನೆಗಳಿದ್ದರೆ ಕೇಳಿ. ಎಲ್ಲರ ಮುಂದೆ ಕೇಳಲು ಸಂಕೋಚವಾದವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಕುಳಿತು ಮಾತನಾಡೋಣ.